ಹೊಸ ಅಂಚಿನ ಕಾವಲು

ಬೈಲಹೊಂಗಲದ ಬಜಾರಿನಲ್ಲಿ, ಮಲಕಾಜಪ್ಪನ ಸೀರೆ ಅಂಗಡಿಯ ಗಾಜಿನೊಳಗೆ ನಿಂತಿದ್ದ ಗೊಂಬೆ ನಿಜಗುಣಪ್ಪನ ಸೀರೆ ಉಟ್ಟಿತ್ತು. ಅಂಚು ಅವನದು, ಸೆರಗು ಅವನದು. ಅವನ ಮಾಲು ಮಾತ್ರ ಇನ್ನೂ ರಾಮದುರ್ಗದಲ್ಲಿ ಅವನ ಮಗ್ಗಗಳ ಮೇಲೇ ಇತ್ತು. ಹೀಗಾಗುತ್ತಿರುವುದು ಇದು ಮೂರನೆಯ ಸಲ.

"ಈ ಅಂಚು ಎಲ್ಲಿಂದ ಬಂತ್ರಿ?" ಎಂದು ನಿಜಗುಣಪ್ಪ ಹಲ್ಲು ಕಚ್ಚಿ ಕೇಳಿದ.

ಮಲಕಾಜಪ್ಪ ಎರಡೂ ಕೈ ಮೇಲೆತ್ತಿ ಮುಗಿದ. "ನಮ್ಮದೇನೈತ್ರಿ ಸಾವಕಾರ್ರ, ಎಲ್ಲಾ ದ್ಯಾಮವ್ವನ ಪ್ರಸಾದ. ಬರ್ರಿ, ಚಾ ತಗೊಳ್ರಿ."

ನಿಜಗುಣಪ್ಪ ಚಹಾ ಕುಡಿದೇ ಎದ್ದ. ಸಿಟ್ಟು ಬೇರೆ, ಚಹಾ ಬೇರೆ.

ಬಸ್ಸಿನಲ್ಲಿ ಕಳ್ಳನನ್ನು ಹುಡುಕುತ್ತ ಬಂದ. ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬಿಡಿಸುವವನು ಇಸ್ರಾರ. ಆ ಫೈಲು ಬೆಳಗಾವಿಗೆ ಹೋಗುತ್ತಿತ್ತು; ಅಲ್ಲಿ ಬಸವಲಿಂಗ ಅದರಂತೆ, ಮಗ್ಗದಲ್ಲಿ ಅಂಚು ಮೂಡಿಸುವ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಿದ್ದ. ಬಸವಲಿಂಗ ಹೆಂಡತಿಯ ತಮ್ಮ. ಅವನನ್ನು ಸಂಶಯಿಸಿದರೆ ಮನೆಯಲ್ಲಿ ರೊಟ್ಟಿ ಸಿಗುವುದಿಲ್ಲ, ಹೀಗಾಗಿ ಅವನು ಪ್ರಾಮಾಣಿಕ. ಉಳಿದವನು ಇಸ್ರಾರ.

"ತಪ್ಪು ಹಾದಿದು ಕಾಕಾ," ಎಂದ ಇಸ್ರಾರ, ಮನೆಗೆ ಬಂದು ಗದರಿಸಿದ್ದಕ್ಕೆ. "ಇಲ್ಲಿತನಕ ಫೈಲ ಬರೇ ಎಫ್‌ಟಿಪಿಯೊಳಗ ಕಳಸತಿದ್ವಿ. ಪಾಸ್‌ವರ್ಡ್ ಸೈತ ಬಯಲಾಗ ಹೋಗತೈತಿ, ನಡಕ ಯಾರ ಬೇಕಾದ್ರೂ ಓದಬಹುದು. ಎಫ್‌ಟಿಪಿಎಸ್ ಹಾಕೂಣು, ಇಲ್ಲಾಂದ್ರ ಎಸ್‌ಎಫ್‌ಟಿಪಿ."

ಒಂದರ ಬಾಲದ ಎಸ್ ಇನ್ನೊಂದರ ತಲೆಗೆ ಬಂದಿತ್ತು, ಅಷ್ಟೇ. ಆದರೂ ನಿಜಗುಣಪ್ಪ ಮಗಳಿಗೆ ವರ ನೋಡುವವನ ಗಾಂಭೀರ್ಯದಿಂದ ಎರಡರ ಗುಣದೋಷ ವಿಚಾರಿಸಿದ.

"ಎಫ್‌ಟಿಪಿಎಸ್ ಅಂದ್ರ ಹಳೇದಕ್ಕ ಬೀಗ ಹಾಕಿದಂಗ. ಆದ್ರ ಅದಕ್ಕ ಬಾಗಲಾ ಭಾಳ ತಗೀಬೇಕು, ಸರ್ಟಿಫಿಕೇಟ್ ಬೇಕು."

"ಯಾರ ಕೊಡತಾರ? ತಹಶೀಲ್ದಾರ್ರಾ?"

"ಅಲ್ರಿ, ಕಂಪನಿಯವ್ರು. ಎಸ್‌ಎಫ್‌ಟಿಪಿಗೆ ಅದೇನೂ ಬ್ಯಾಡ. ಒಂದ ಬಾಗಲಾ, ಒಂದ ಕೀಲಿ. ಕೀಲಿನೂ ಒಂದು ಫೈಲ."

"ಅದನ್ನ ಹಾಕು. ಕೀಲಿ ನನ್ನ ಕಡೆ ಕೊಡು."

ಕೀಲಿ ಪೆನ್‌ಡ್ರೈವಿಗೆ ಹೋಯಿತು, ಪೆನ್‌ಡ್ರೈವು ಕೊರಳಿಗೆ ಹೋಯಿತು. ನಿಜಗುಣಪ್ಪ ಅದನ್ನು ಸ್ನಾನಕ್ಕೂ ತೆಗೆಯಲಿಲ್ಲ, ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮಿಂದ.

ಈ ಸಲದ ಅಂಚಿಗೆ ನವಿಲುತೀರ್ಥ ಎಂದು ಹೆಸರಿಟ್ಟಿದ್ದರು. ಕೆಳಗೆ ನೀರಿನ ತೆರೆ, ಮೇಲೆ ನವಿಲುಗಳ ಸಾಲು. ಮದುವೆ ಸುಗ್ಗಿಗೆಂದು ಇದ್ದಬದ್ದ ನೂಲನ್ನೆಲ್ಲ ಇದೇ ಅಂಚಿಗೆ ತೆಗೆದಿಟ್ಟಿದ್ದ. ಇದೂ ಕಳುವಾದರೆ ಮಗ್ಗಗಳಿಗೆ ಬೀಗವೇ ಗತಿ.

ಫೈಲು ಸುರಕ್ಷಿತವಾಗಿ ಹೋಯಿತು. ಪಟ್ಟಿಗಳು ಬಂದವು. ಮನೆಯೊಳಗಿನ ಮಗ್ಗದಲ್ಲಿ ಮೊದಲ ಸೀರೆ ಇಳಿಯಿತು. ಪ್ರತಿ ಸಲದ ಪದ್ಧತಿಯಂತೆ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹೊಸ ಅಂಚಿಗೆ ಕೆಟ್ಟ ಕಣ್ಣು ಬೀಳದಿರಲೆಂದು, ಸಾಲಹಳ್ಳಿಯ ದ್ಯಾಮವ್ವನಿಗೆ ಉಡಿಸಲು ಹೆಂಡತಿ ಮಾಯವ್ವ ಹೊರಟಳು.

"ಒಮ್ಮೆರ ನೀವೂ ಬರ್ರಿ. ಹುಣ್ಣಿಮಿ ಮಟಾ ಸೀರಿ ದೇವಿ ಮೈಮ್ಯಾಲ ಇರತೈತಿ, ಕಣ್ತುಂಬ ನೋಡ್ರಿ."

"ಕಂಪ್ಯೂಟರ ನಿಮ್ಮಪ್ಪ ಕಾಯತಾನೇನ?"

ಮಾಯವ್ವ ಒಬ್ಬಳೇ ಹೋಗಿ ಬಂದಳು.

ಆಮೇಲೆ ನಿಜಗುಣಪ್ಪ ಭದ್ರತೆಯ ಕೊನೆಯ ಕೆಲಸವನ್ನೂ ಮುಗಿಸಿದ. ಇಸ್ರಾರನನ್ನು ಕೆಲಸದಿಂದ ಬಿಡಿಸಿದ. ಇಸ್ರಾರನ ತಂದೆ ಖಾಸಿಮಸಾಬ ಇದೇ ಮನೆಯ ನೂಲಿಗೆ ಬಣ್ಣ ಹಾಕುತ್ತ ಮುದುಕನಾಗಿದ್ದ. ಮಗ ಇದೇ ಪಡಸಾಲೆಯಲ್ಲಿ ಅಂಬೆಗಾಲಿಟ್ಟವನು. ಅದೆಲ್ಲ ನಿಜಗುಣಪ್ಪನಿಗೆ ನೆನಪಾಯಿತು. ಆದರೆ ಕಳ್ಳತನ ನಿಲ್ಲಬೇಕಲ್ಲ!

ಇಸ್ರಾರ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದ. "ಕೀಲಿ ನಿಮ್ಮ ಕೊರಳಾಗ ಐತಿ ಕಾಕಾ. ಇನ್ನ ಅಂಚು ಹೋದ್ರ ನಿಮ್ಮ ಕೈಲೇನ ಹೋಗಬೇಕು."

ಸೊಕ್ಕು ನೋಡು, ಎಂದುಕೊಂಡ ನಿಜಗುಣಪ್ಪ.

ಹುಣ್ಣಿಮೆಯ ದಿನ ಮೊಟ್ಟಮೊದಲ ಬಾರಿಗೆ ತಾನೇ ಕಾಯಿ ಹಿಡಿದು ಸಾಲಹಳ್ಳಿಗೆ ಹೋದ. ಕಳ್ಳ ತೊಲಗಿದನಲ್ಲ, ದೇವಿಗೊಂದು ಕೃತಜ್ಞತೆ ಬೇಡವೇ? ಗುಡಿಯ ಮುಂದೆ ಜನ ಕಿಕ್ಕಿರಿದಿದ್ದರು. ಮುಂದಿನ ಸಾಲಿನಲ್ಲಿ ಮಲಕಾಜಪ್ಪ ಹಣೆತುಂಬ ಭಂಡಾರದ ಅರಿಷಿಣ ಬಳಿದುಕೊಂಡು ಕೈ ಮುಗಿದು ಕುಳಿತಿದ್ದ. ಈ ಮನುಷ್ಯನಿಗೂ ಭಕ್ತಿಯೇ ಎಂದು ನಿಜಗುಣಪ್ಪ ಬೆರಗಾಗಿ, ಕೊರಳಿನ ಪೆನ್‌ಡ್ರೈವನ್ನು ಅಂಗಿಯೊಳಗೆ ಸರಿಸಿದ.

ಅಷ್ಟರಲ್ಲಿ ಪೂಜಾರಿ ಕಟ್ಟೆಯೇರಿ, ನವಿಲಿನ ಅಂಚು ಎಲ್ಲರಿಗೂ ಕಾಣುವಂತೆ ಸೀರೆ ಬಿಡಿಸಿ ಹಿಡಿದು ಕೂಗಿದ: "ದೇವಿ ಉಟ್ಟ ಸೀರಿ, ನಿಜಗುಣಪ್ಪ ಸಾವಕಾರ್ರ ಮನಿದು! ಹರಾಜಿನ್ಯಾಗ ಈ ಸಲಾನೂ ಮಲಕಾಜಪ್ಪನವರಿಗೇ... ಒಂದು, ಎರಡು, ಮೂರು!"