ಗುಬ್ಬಿಯ ಪಾಲು

ಕಲ್ಲುಕೆತ್ತುವವನು ಬಟ್ಟಲಿನಿಂದ ಎತ್ತಿದ ಚೀಟಿ ಬಿಚ್ಚಿದ. ಒಳಗೆ ‘ಗುಬ್ಬಿ’ ಎಂದು ಬರೆದಿತ್ತು.

ಗುಬ್ಬಿ ಅವನ ಕಿರಿಮಗಳು. ಹೋದ ಕ್ರಿಸ್ಮಸ್ಸಿನ ಹಿಂದಿನ ದಿನ ಸತ್ತವಳು.

ಅಕ್ಷರ ತನ್ನದಲ್ಲ. ಅವನು ಮೊದಲು ನೋಡಿದ್ದೇ ಅದನ್ನು. ಯಾರೋ ಬೇಕೆಂದೇ ಸೊಟ್ಟಸೊಟ್ಟಗೆ ಗೀಚಿದ್ದರು. ಸಮಾಧಿ ಕಲ್ಲುಗಳ ಮೇಲೆ ಹೆಸರು ಕೆತ್ತುವುದು ಅವನ ಕಸುಬು. ಅಕ್ಷರ ನೋಡಿ ಬರೆದವರು ಯಾರೆಂದು ಹೇಳಬಲ್ಲ. ಇದು ಮಾತ್ರ ಯಾರದೆಂದು ತಿಳಿಯಲಿಲ್ಲ.

ತಲೆಯೆತ್ತಿದ. ಮಗ ಸುಮ್ಮನೆ ಕೆಮ್ಮುತ್ತಿದ್ದ. ಸೊಸೆಯ ಮುಖ ಬಿಳಚಿಕೊಂಡಿತ್ತು. ಹೆಂಡತಿ ತನ್ನ ಚೀಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅವನನ್ನೇ ನೋಡುತ್ತಿದ್ದಳು.

“ನಿಮಗೆ ಯಾರ ಹೆಸರು ಬಂತು?” ಎಂದಳು.

“ಹೇಳಬಾರದು ಅಂತಲ್ವಾ?”

“ಹೌದು. ಈ ಮನೇಲಿ ಹೇಳಬಾರದ್ದು ತುಂಬಾ ಇದೆ.”

ಚೀಟಿಯ ಏರ್ಪಾಡು ಸೊಸೆಯದು. ಶಾಲೆಯ ಟೀಚರ್ ಅವಳು, ಎಲ್ಲಕ್ಕೂ ಒಂದು ದಾರಿ ಹುಡುಕುವವಳು. “ಈ ಸಲ ಒಬ್ಬರಿಗೆ ಒಂದೇ ಉಡುಗೊರೆ ಸಾಕು ಮಾವ. ಎಲ್ಲರೂ ಅವರವರ ಹೆಸರು ಬರೆದು ಬಟ್ಟಲಿಗೆ ಹಾಕೋದು. ಯಾರ ಹೆಸರು ಬರುತ್ತೋ ಅವರಿಗೆ ಕೈಯಾರೆ ಏನಾದ್ರೂ ಮಾಡಿಕೊಡೋದು. ಕೊನೇ ಗಳಿಗೇಲಿ ಅಂಗಡಿಗೆ ಓಡೋದು ಬೇಡ” ಎಂದಿದ್ದಳು.

ಆ ಕೊನೆಯ ಮಾತಿಗೆ ಎಲ್ಲರೂ ತಲೆ ತಗ್ಗಿಸಿದ್ದರು. ಹೋದ ಸಲ ಹಾಗೆ ಓಡಿದವಳು ಗುಬ್ಬಿ. ಎಲ್ಲರ ಪೊಟ್ಟಣ ಕಟ್ಟಿಟ್ಟು, “ಅಪ್ಪಂದೊಂದು ಬಾಕಿ ಇದೆ, ಈಗ ಬಂದೆ” ಎಂದು ಸೈಕಲ್ ಹತ್ತಿದಳು. ತಿರುವಿನಲ್ಲಿ ಲಾರಿ ಬಂತು. ಮನೆಗೆ ವಾಪಸು ಬಂದದ್ದು ಸೊಟ್ಟಗಾದ ಸೈಕಲ್ಲು ಮಾತ್ರ.

ಮಣ್ಣು ಮಾಡಿ ಬಂದವನೇ ಅವನು, “ಇನ್ಮೇಲೆ ಯಾರೂ ಆ ಹೆಸರು ಎತ್ತಬೇಡಿ” ಎಂದುಬಿಟ್ಟ. ಯಾರೂ ಎತ್ತಲಿಲ್ಲ. ಊರಿನವರಿಗೆಲ್ಲ ಕಲ್ಲು ಕೆತ್ತಿಕೊಟ್ಟವನ ಮಗಳ ಸಮಾಧಿಗೆ ಇನ್ನೂ ಕಲ್ಲಿಲ್ಲ. ಅವಳಿಗೆಂದು ಆರಿಸಿದ ಕಲ್ಲು ಕೆಲಸದ ಕೋಣೆಯ ಮೂಲೆಯಲ್ಲಿ ಬೋಳಾಗಿ ನಿಂತಿತ್ತು. ಅದರ ಮುಂದೆ ಕುಳಿತು ಉಳಿ ಹಿಡಿದರೆ ಸಾಕು, ಕೈ ಗಡಗಡ ನಡುಗುತ್ತಿತ್ತು. ಮಗಳು ಹೆಸರಿಲ್ಲದೆ ಮಲಗಿದ್ದಳು.

ಸೊಸೆ ಚೀಟಿ ಬರೆಯಲು ಕರೆದಾಗಲೂ ಅವನು ಆ ಕಲ್ಲಿನ ಮುಂದಿನಿಂದಲೇ ಎದ್ದು ಬಂದಿದ್ದ. ಮೈಕೈಯೆಲ್ಲ ಬಿಳಿ ಹುಡಿ. ಹುಡಿಗೈಯಲ್ಲೇ ಬರೆದು, ಮಡಚಿ, ಬಟ್ಟಲಿಗೆ ಹಾಕಿ ಕೈ ತೊಳೆಯಲು ಹೋಗಿದ್ದ.

ಚೀಟಿ ಎತ್ತಿದ ಮರುದಿನದಿಂದ ಮನೆ ಮೊದಲಿನಂತಿರಲಿಲ್ಲ.

ಹಿತ್ತಲಿನ ಶೆಡ್ಡಿನಲ್ಲಿ ಗುಬ್ಬಿಯ ಸೈಕಲ್ ಬೆಲ್ಲು ಟ್ರಿಣ್ ಎಂದಿತು. ಓಡಿ ಹೋದರೆ ಬಾಗಿಲಿಗೆ ಬೀಗ. ಇನ್ನೊಂದು ಮಧ್ಯಾಹ್ನ ಅವಳ ಮುಚ್ಚಿದ ಕೋಣೆಯೊಳಗಿಂದ ಟಕ್ ಟಕ್ ಎಂದು ಯಾರೋ ಬಡಿದ ಸದ್ದು. ಅವನ ಹೆಜ್ಜೆ ಕೇಳುತ್ತಲೇ ನಿಂತುಹೋಯಿತು. ಅವಳು ಅರ್ಧ ಹೆಣೆದು ಬಿಟ್ಟಿದ್ದ ಕೆಂಪು ಸ್ವೆಟರ್ ಪೆಟ್ಟಿಗೆಯಿಂದ ಮಾಯ. ಅಯ್ಯೋ ದೇವರೇ, ನನಗೇ ಹುಚ್ಚು ಹಿಡಿಯುತ್ತಿದೆಯೋ ಏನೋ ಎಂದುಕೊಂಡ. ಕೇಳುವುದಾದರೂ ಯಾರನ್ನು? ಕೇಳಬೇಕಾದರೆ ಆ ಹೆಸರು ಎತ್ತಬೇಕು.

ಕೂತಲ್ಲಿ ನಿಂತಲ್ಲಿ ಚೀಟಿಯದೇ ಯೋಚನೆ. ನಾಲ್ಕು ಜನ, ನಾಲ್ಕು ಚೀಟಿ. ಗುಬ್ಬಿಯ ಹೆಸರು ಬರೆದವರು ತಮ್ಮ ಹೆಸರು ಬರೆದಿಲ್ಲ ಎಂದಾಯಿತು. ಹಾಗಾದರೆ ಹಬ್ಬದ ದಿನ ಯಾರಿಗೆ ಉಡುಗೊರೆ ಬರುವುದಿಲ್ಲವೋ ಅವರು ಸಿಕ್ಕಿಬೀಳುತ್ತಾರೆ. ಇದು ಹೊಳೆದಾಗ ಅವನ ಅಂಗೈ ಬೆವರಿತು.

ಅಂದು ಸಂಜೆ ಕಲ್ಲಿನ ಮುಂದೆ ಕುಳಿತ. ಚೀಟಿ ಎತ್ತಿದ ಮೇಲೆ ಏನಾದರೂ ಕೊಡಲೇಬೇಕಲ್ಲ. ಉಳಿ ಇಟ್ಟ, ಕೈ ನಡುಗಿತು. ಆಗ ಕುತ್ತಿಗೆಯ ಹಿಂದೆ ಯಾರೋ ಮೆಲ್ಲನೆ ಊದಿದ ಹಾಗಾಯಿತು. ಚಿಕ್ಕವಳಿದ್ದಾಗಿನಿಂದ ಗುಬ್ಬಿ ಅಲ್ಲೇ ನಿಲ್ಲುತ್ತಿದ್ದಳು. “ಅಪ್ಪಾ, ಹುಡಿ ಊದ್ಲಾ?” ಎನ್ನುತ್ತಿದ್ದಳು. ಅವನು ಹಿಂತಿರುಗಿ ನೋಡಲಿಲ್ಲ. “ಊದು ಮಗಳೇ” ಎಂದ. ಕೈಯ ನಡುಕ ನಿಂತಿತು. ಕೆತ್ತತೊಡಗಿದ.

ಕ್ರಿಸ್ಮಸ್ ಬೆಳಿಗ್ಗೆ ಗೋಣಿಚೀಲ ಸುತ್ತಿದ ಕಲ್ಲನ್ನು ತಳ್ಳುಗಾಡಿಯಲ್ಲಿಟ್ಟು ನಡುಮನೆಗೆ ತಂದ. ಎಲ್ಲರೂ ಕುಳಿತಿದ್ದರು.

“ನಾನೇ ಮೊದಲು ಕೊಡ್ತೀನಿ” ಎಂದು ಎದ್ದ ಮಗ, ಹೊರಗಿನಿಂದ ಗುಬ್ಬಿಯ ಸೈಕಲ್ ತಳ್ಳಿಕೊಂಡು ಬಂದ. ಹ್ಯಾಂಡಲ್ ನೆಟ್ಟಗಾಗಿತ್ತು. ಬೆಲ್ಲು ಹೊಸದು. “ಬೈಬೇಡಿ ಅಪ್ಪ, ನನಗೆ ಅವಳ ಚೀಟಿ ಬಂತು.”

“ನಿಮಗೆ ಹೇಗೆ ಬರುತ್ತೆ? ನನಗಲ್ವಾ ಬಂದಿದ್ದು!” ಎಂದ ಸೊಸೆ, ಗುಬ್ಬಿಯ ಕಿಟಕಿಗೆಂದು ಮೊಳೆ ಹೊಡೆದು ಮಾಡಿದ ಹಕ್ಕಿಗೂಡನ್ನು ಮುಂದಿಟ್ಟಳು. ಹೆಂಡತಿ ಮಡಿಲಿನಿಂದ ಕೆಂಪು ಸ್ವೆಟರ್ ತೆಗೆದಳು. ತೋಳು ಪೂರ್ತಿಯಾಗಿತ್ತು.

“ಅವಳನ್ನ ಬಿಟ್ಟು ಹಬ್ಬ ಮಾಡೋಕೆ ಮನಸ್ಸು ಬರಲಿಲ್ಲ. ನನ್ನ ಹೆಸರಿನ ಬದಲು ಅವಳದ್ದೇ ಬರೆದೆ” ಎಂದ ಮಗ.

“ನಾನೂ” ಎಂದು ಸೊಸೆ ಅತ್ತೇಬಿಟ್ಟಳು.

“ನಾನೂ, ಗೊತ್ತಾಗದಿರಲಿ ಅಂತ ಎಡಗೈಯಲ್ಲಿ” ಎಂದಳು ಹೆಂಡತಿ.

ಮಗ ಸೊಸೆ ಇಬ್ಬರೂ ಹೆದರಿ ಅವನತ್ತ ನೋಡಿದರು. ಅವನು ಗೋಣಿಚೀಲ ಜಾರಿಸಿದ. ಕಲ್ಲಿನ ತುಂಬ ‘ಗುಬ್ಬಿ’ ಎಂಬ ಹೆಸರು, ಅಷ್ಟೇ.

ಕಣ್ಣೊರೆಸಿಕೊಂಡು ಸೊಸೆ ಕೇಳಿದಳು: “ಅಲ್ಲ ಅತ್ತೆ, ನಾಲ್ಕೂ ಉಡುಗೊರೆ ಗುಬ್ಬಿಗೇ ಆಯ್ತಲ್ಲ. ಹಾಗಾದ್ರೆ ಮಾವನ ಹೆಸರಿನ ಚೀಟಿ ಎಲ್ಲಿ?”

ಹೆಂಡತಿ ಅಂದಿನಿಂದ ಜೋಪಾನವಾಗಿಟ್ಟುಕೊಂಡಿದ್ದ ತನ್ನ ಚೀಟಿಯನ್ನು ಮೇಜಿನ ಮೇಲೆ ಬಿಚ್ಚಿದಳು. ಅದರಲ್ಲೂ ‘ಗುಬ್ಬಿ’ ಎಂದೇ ಇತ್ತು. ಮಡಿಕೆಯೊಳಗಿಂದ ಒಂದು ಚಿಟಿಕೆ ಬಿಳಿ ಕಲ್ಲುಹುಡಿ ಉದುರಿತು.