ಮೂರನೇ ನಂಬರಿನ ಗಾಳದ ಕೋಲು

ಶಟಲ್ ಕಾಕಿನ ಕಾರ್ಕ್ ವಾಸನೆ ಮೂಗಿಗೆ ಬಡಿದರೆ ವೈಜಾಗಿನ ಎಂವಿಪಿ ಕಾಲೋನಿಯ ನಮ್ಮ ತಾರಸಿಯ ಆ ಮಧ್ಯಾಹ್ನ ನೆನಪಾಗಿ, ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಅಪ್ಪನಿಗೆ ಹಿಮಾಚಲಕ್ಕೆ ವರ್ಗವಾಗಿತ್ತು. ನನ್ನ ಶಾಲೆಗಾಗಿ ಅಮ್ಮ, ನಾನು ವೈಜಾಗಿನಲ್ಲೇ ಉಳಿಯುವುದೆಂದು ತೀರ್ಮಾನವಾಗಿತ್ತು. ಹಿಮಾಚಲದ ತೊರೆಗಳಲ್ಲಿ ಟ್ರೌಟ್ ಮೀನು ಸಿಗುತ್ತದೆಂದು ಅಪ್ಪ ಗೆಳೆಯರೊಬ್ಬರಿಂದ ಎರಡು ಗಾಳದ ಕೋಲು ತಂದಿದ್ದರು, ಒಂದನ್ನು ಆರಿಸಿಕೊಳ್ಳಲು. ಕಾರ್ಕಿನ ಹಿಡಿ ಅವರ ಬೆವರಿಗೆ ಒದ್ದೆಯಾಗಿತ್ತು. ದಾರದ ತುದಿ ನನ್ನ ಕೈಯಲ್ಲಿತ್ತು, ನಾನೇ ಮೀನು.

"ಮೆತ್ತಗೆ ಎಳಿ ಪುಟ್ಟಿ, ಸಣ್ಣ ತೊರೆ ಮೀನು ಅದು," ಎಂದರು. ನಂಬರು ಹೆಚ್ಚಿದಷ್ಟೂ ಕೋಲು ಗಟ್ಟಿಯಂತೆ; ಐದನೇ ನಂಬರಿನದು ಅಲ್ಲಾಡಲೇ ಇಲ್ಲ. ಮೂರನೇ ನಂಬರಿನ ಹಗುರ ಕೋಲು ನನ್ನ ಬೆರಳು ಮಿಸುಕಿದರೂ ಬಾಗಿತು.

"ಇದೇ ಸರಿ. ನೀನು ಉಸಿರಾಡಿದ್ರೂ ನನ್ನ ಕೈಗೆ ಗೊತ್ತಾಗುತ್ತೆ."

ಒಣಗಿದ ಬಟ್ಟೆ ತೆಗೆಯಲು ಬಂದ ಅಮ್ಮ, "ಸಮುದ್ರ ಪಕ್ಕದಲ್ಲೇ ಇದೆ. ಮೀನು ಹಿಡಿಯಕ್ಕೆ ಅಷ್ಟು ದೂರ ಹೋಗ್ಬೇಕಾ?" ಎಂದು ಅಪ್ಪನ ಅಂಗಿಗಳನ್ನಷ್ಟೇ ಹಗ್ಗದಿಂದ ಎಳೆದುಕೊಂಡು ಇಳಿದುಹೋದಳು.

ಅಪ್ಪ ರೀಲು ಸುತ್ತತೊಡಗಿದರು. "ಸಾಕು ಪುಟ್ಟಿ, ಬಿಡು."

ನಾನು ದಾರವನ್ನು ಬೆರಳಿಗೆ ಸುತ್ತಿಕೊಂಡೆ. ಕೋಲು ಪೂರ್ತಿ ನನ್ನ ಕಡೆಗೆ ಬಾಗಿತು. ಅಪ್ಪ ಸುತ್ತುವುದನ್ನು ನಿಲ್ಲಿಸಿ, ಹಾಗೇ ಹಿಡಿದು ನಿಂತರು.