ಆರೋಗ್ಯಮೇರಿ ಪ್ರೈವೇಟ್ ಲಿಮಿಟೆಡ್

"ಇಲ್ಲೊಂದು ಸೈನ್ ಹಾಕ್ಬಿಡಿ ದೊಡ್ಡಮ್ಮ, ಎರಡೇ ನಿಮಿಷ" ಎಂದು ಫ್ರೆಡ್ಡಿ ಕಾಗದ ಚಾಚಿದಾಗ ಆರೋಗ್ಯಮೇರಿಯ ಎರಡೂ ಕೈ ಮೊಣಕೈವರೆಗೆ ಖಾರವಾಗಿತ್ತು. ಒಂಟಿಕೊಪ್ಪಲಿನ ಮನೆಯ ಅಡುಗೆಕೋಣೆಯಲ್ಲಿ ಕೂತು ನಿಂಬೆಹೋಳಿಗೆ ಉಪ್ಪುಖಾರ ಕಲಸುತ್ತಿದ್ದ ಆಕೆ ತಲೆಯೆತ್ತಿ ನೋಡಿದರು. ತಂಗಿಯ ಮಗ, ಹುಟ್ಟಿದಾಗಿನಿಂದ 'ನೀನು, ತಾನು' ಎಂದೇ ಮಾತಾಡಿಸುವವನು. ಇವತ್ತು ಪಕ್ಕದಲ್ಲಿ ಆಡಿಟರ್ ಸುಪ್ರೀತನನ್ನು ನಿಲ್ಲಿಸಿಕೊಂಡು 'ಹಾಕ್ಬಿಡಿ' ಅನ್ನುತ್ತಿದ್ದಾನೆ! ಈ ಮರ್ಯಾದೆಯ ಹಿಂದೆ ಏನೋ ಇದೆ ಅನ್ನಿಸಿತು.

"ಏನೋ ಅದು?"

"ನಮ್ಮ ಉಪ್ಪಿನಕಾಯಿದು ಕಂಪನಿ ಮಾಡ್ತಿದೀವಿ. ಆರೋಗ್ಯಮೇರಿ ಫುಡ್ಸ್ ಪ್ರೈವೇಟ್ ಲಿಮಿಟೆಡ್. ನಿಮ್ಮ ಹೆಸರೇ!"

ಅಯ್ಯೋ, ಮುದುಕಿಗೆ ಎಷ್ಟು ಖುಷಿಯಾಯಿತು! ದೇವರಾಜ ಮೊಹಲ್ಲಾದ ಅಂಗಡಿಗಳಲ್ಲಿ ಜನ 'ಆರೋಗ್ಯಮೇರಿ ಉಪ್ಪಿನಕಾಯಿ ಬಂತಾ?' ಎಂದು ಹೆಸರು ಹಿಡಿದು ಕೇಳುತ್ತಾರೆ, ನಿಜ. ಆದರೆ ಸರ್ಕಾರದ ದಾಖಲೆಯಲ್ಲಿ ಹೆಸರು ಬರುವುದೆಂದರೆ ಸುಮ್ಮನೆಯೇ? ತಂಗಿ ತೀರಿಕೊಂಡ ಮೇಲೆ ಫ್ರೆಡ್ಡಿಯನ್ನು ಸಾಕಿದ್ದು, ಓದಿಸಿದ್ದು, ಬೀನಾಳನ್ನು ತಂದು ಮದುವೆ ಮಾಡಿದ್ದು ಎಲ್ಲ ಇದೇ ಉಪ್ಪಿನಕಾಯಿಯಿಂದ. ಹುಡುಗ ಮರೆತಿಲ್ಲವಲ್ಲ ಎಂದು ಕಣ್ಣು ತುಂಬಿತು.

"ಹೆಸರು ರಿಸರ್ವ್ ಮಾಡೋಕೆ ಆಗಲೇ ಅರ್ಜಿ ಹಾಕಿದ್ವಿ ಅಮ್ಮ, ವಾಪಸ್ ಕಳಿಸಿದಾರೆ" ಎಂದ ಸುಪ್ರೀತ. "ಕಂಪನಿಯಲ್ಲಿ ಇಲ್ಲದೇ ಇರೋರ ಹೆಸರು ಕಂಪನಿಗೆ ಇಡೋದಾದ್ರೆ, ಅವರು ತಮ್ಮ ಆಕ್ಷೇಪಣೆ ಇಲ್ಲ ಅಂತ ಬರೆದು ಕೊಡಬೇಕು."

ಆರೋಗ್ಯಮೇರಿಯ ಕೈ ಪಾತ್ರೆಯಲ್ಲೇ ನಿಂತಿತು. "ಕಂಪನಿಯಲ್ಲಿ ಇಲ್ಲದೇ ಇರೋರು ಅಂದ್ರೆ? ಮತ್ತೆ ಇರೋರು ಯಾರು?"

"ನಾನು, ಬೀನಾ..." ಫ್ರೆಡ್ಡಿಯ ದನಿ ತಗ್ಗಿತು. "ಮತ್ತೆ ಬೀನಾ ತಮ್ಮ ಆಂಟೋ. ಮೂರೇ ಜನ ಡೈರೆಕ್ಟರು."

"ಆಂಟೋನಾ? ಸಾಸಿವೆ ಯಾವ್ದು ರಾಗಿ ಯಾವ್ದು ಗೊತ್ತೇನೋ ಅವನಿಗೆ?"

"ದುಡ್ಡು ಹಾಕ್ತಿರೋನು ಅವನು. ವಯಸ್ಸಾದೋರು ಬೇಡ ಅಂತಾನೆ. ನಿಮಗೂ ಯಾಕೆ ಈ ತಲೆನೋವು?"

ತಲೆನೋವಂತೆ! ಬೆಳಗಾಗೆದ್ದು ನಿಂಬೆಹಣ್ಣು ಹೆಚ್ಚುವಾಗ, ಒಲೆ ಮುಂದೆ ಮೆಣಸಿನಕಾಯಿ ಹುರಿದು ಕೆಮ್ಮುವಾಗ ಯಾರಿಗೂ ನೆನಪಾಗದ ತಲೆನೋವು! ಆರೋಗ್ಯಮೇರಿ ಆಡಿಟರ್ ಕಡೆ ತಿರುಗಿದರು. "ಸ್ವಂತ ದೊಡ್ಡಮ್ಮನ ಹೆಸರಿಡೋಕೂ ಕಾಗದ ಬೇಕೇನ್ರೀ?"

"ತಂದೆತಾಯಿ, ಮಕ್ಕಳು, ಒಡಹುಟ್ಟಿದೋರು ಆಗಿದ್ರೆ ಬೇಡ ಅಮ್ಮ. ದೊಡ್ಡಮ್ಮ ಅಂದ್ರೆ..." ಸುಪ್ರೀತ ನೆಲ ನೋಡಿದ. "ಆ ಲೆಕ್ಕಕ್ಕೆ ಬರಲ್ಲ."

ಲೆಕ್ಕಕ್ಕೆ ಬರಲ್ಲ! ಆಕೆಗೆ ಪಿತ್ತ ನೆತ್ತಿಗೇರಿತು. ಸರ್ಕಾರದ ಮೇಲಲ್ಲ, ಸರ್ಕಾರಕ್ಕೆ ಈ ಆರೋಗ್ಯಮೇರಿ ಯಾರೋ ಏನೋ. ಹಾಗಿದ್ದೂ ಆ ಮುಖ ಕಾಣದ ಸರ್ಕಾರವೇ 'ಆಕೆಯನ್ನೊಂದು ಮಾತು ಕೇಳಿದ್ದೀರಾ?' ಎಂದಿತ್ತು. ಕೇಳದೇ ಇದ್ದವನು ಕೈತುತ್ತು ತಿಂದು ಬೆಳೆದ ಈ ಮಗ.

"ಅರ್ಜಿ ವಾಪಸ್ ಬರ್ದೇ ಇದ್ದಿದ್ರೆ ನನ್ನ ಕೇಳ್ತಾನೇ ಇರ್ಲಿಲ್ಲ, ಅಲ್ವೇನೋ?"

ಫ್ರೆಡ್ಡಿ ಆಡಿಟರ್‌ನನ್ನು ಮರೆತು ಹಳೆಯ ಸಲಿಗೆಗೆ ಇಳಿದ. "ಹಂಗಲ್ಲ ದೊಡ್ಡಮ್ಮ... ನೋಡು, ಪ್ರತಿ ಬಾಟ್ಲಿ ಮೇಲೂ ನಿಂದೇ ಫೋಟೋ ಹಾಕಿಸ್ತೀನಿ. ಇಷ್ಟು ದೊಡ್ಡದು!"

"ಮೂಗಿಗೆ ತುಪ್ಪ ಸವರ್ಬೇಡ ಕಣೋ. ಕೂರೋಕೆ ಒಂದು ಕುರ್ಚಿ ಕೊಡ್ದೋರು ಫೋಟೋ ಹಾಕ್ತಾರಂತೆ! ಅದಕ್ಕೊಂದು ಹಾರನೂ ಹಾಕ್ಬುಡು, ಕೆಲಸ ಮುಗೀತದೆ." ಆಕೆ ಎದ್ದು ನಲ್ಲಿಯ ಕೆಳಗೆ ಕೈ ತಿಕ್ಕಿ ತಿಕ್ಕಿ ತೊಳೆದರು. "ಆಡಿಟರೇ, ನನ್ನೂ ಒಬ್ಬ ಡೈರೆಕ್ಟರ್ ಮಾಡಿದ್ರೆ ಈ ಕಾಗದ ಬೇಕಾ?"

"ಬೇಡ ಅಮ್ಮ, ಬೇಡವೇ ಬೇಡ." ಸುಪ್ರೀತ ತಕ್ಷಣ ಹೇಳಿದ. ಇಬ್ಬರೂ ಫ್ರೆಡ್ಡಿಯ ಮುಖ ನೋಡಿದರು.

ಫ್ರೆಡ್ಡಿ ಬಾಗಿಲ ಕಡೆ ನೋಡಿದ, ಫೋನ್ ಕಡೆ ನೋಡಿದ. "ಆಂಟೋ ಒಪ್ಪಲ್ಲ ದೊಡ್ಡಮ್ಮ" ಎಂದ.

ಆಂಟೋ ಒಪ್ಪುವುದಿಲ್ಲ. ನೀನು ಒಪ್ಪುತ್ತೀಯೇನೋ ಎಂದು ಕೇಳಬೇಕೆಂದು ಬಾಯಿ ತುದಿಗೆ ಬಂತು. ಉತ್ತರ ಎದುರಿಗೇ ನಿಂತಿರುವಾಗ ಕೇಳುವುದೇನು? ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು, ಕಾಗದ ತೆಗೆದುಕೊಂಡು ಹಾಗೇ ಅವನ ಜೇಬಿಗೆ ತುರುಕಿದರು.

"ಸೈನ್ ಹಾಕಲ್ವಾ?" ಫ್ರೆಡ್ಡಿಗೂ ಈಗ ಸಿಟ್ಟು ಬಂದಿತ್ತು. "ಎಲ್ಲಾ ಮುಗಿಯೋ ಹೊತ್ತಿಗೆ ಹಿಂಗೆ ಮಾಡಿದ್ರೆ ಇನ್ಯಾವ ಹೆಸರಿಡ್ಲಿ, ನೀನೇ ಹೇಳು!"

"ನಿಂದೇ ಇಟ್ಕೊಳ್ಳೋ. ಫ್ರೆಡ್ಡಿ ಫುಡ್ಸ್. ನಿನ್ನ ಜ್ಞಾನಸ್ನಾನದ ದಿನ ಚರ್ಚಲ್ಲಿ ನಿನ್ನ ಎತ್ಕೊಂಡು ನಿಂತಿದ್ದೋಳು ನಾನು. ಈ ಮಗುವಿಗೆ ಏನು ಹೆಸರು ಅಂತ ಫಾದರ್ ಕೇಳ್ದಾಗ ಹೇಳಿದೋಳೂ ನಾನೇ." ಆರೋಗ್ಯಮೇರಿ ಆಡಿಟರ್ ಮುಂದೆ ಕೈ ಚಾಚಿದರು. "ಪೆನ್ನು ಕೊಡಿ ಇಲ್ಲಿ. ಆ ಹೆಸರಿಗೆ ನನ್ನ ಆಕ್ಷೇಪಣೆ ಇಲ್ಲ ಅಂತ ಈಗ್ಲೇ ಬರ್ಕೊಡ್ತೀನಿ."